ಮರ ಹೋಯಿತು, ಹಾಡೂ ಮರೆಯಿತು

ಬಾಳೆ ಹೂವಿಗೆ ಬರುವ ನಮ್ಮ ಸೂರಕ್ಕಿಯ ಹಾಗೆ ಆಸ್ಟ್ರೇಲಿಯದ ರೀಜೆಂಟ್ ಹನಿಈಟರ್ ಕೂಡ ಮಕರಂದ ಹೀರುವ ಹಕ್ಕಿ. ಮೈ ಕಪ್ಪು-ಹಳದಿ. ಆದರೆ ಸೂರಕ್ಕಿಗೆ ನಂಟಲ್ಲ. ಇದರದ್ದು ಮೆಲಿಫ್ಯಾಜಿಡೆ ಎಂಬ ಬೇರೆಯೇ ಕುಟುಂಬ. ಹಿಂದೆ ಒಂಟಿ ಕುಲವೆಂದು ಪ್ರತ್ಯೇಕ ಇಟ್ಟಿದ್ದರು. ವಂಶವಾಹಿ ನೋಡಿದ ಮೇಲೆ ವಾಟಲ್‌ಬರ್ಡ್‌ಗಳ ಗುಂಪಿಗೆ ಸೇರಿಸಿ ಆಂಥೊಕೇರಾ ಫ್ರಿಜಿಯಾ ಎನ್ನುತ್ತಾರೆ.

ವಾಸ ಆಗ್ನೇಯ ಆಸ್ಟ್ರೇಲಿಯದ ನೀಲಗಿರಿ ಜಾತಿಯ ಮರಗಳ ಕಾಡು. ಹೂ ಬಿಟ್ಟಲ್ಲಿಗೆ ಅಲೆಯುತ್ತದೆ. ಎಡವಟ್ಟಾದದ್ದು ಇಲ್ಲೇ. ಹೆಚ್ಚು ಮಕರಂದದ ಮರಗಳಿದ್ದದ್ದು ಫಲವತ್ತಾದ ನೆಲದಲ್ಲಿ. ಗೋಧಿಗೆ, ಕುರಿಗೆ ಅಂತ ಮೊದಲು ಸವರಿದ್ದೂ ಅದನ್ನೇ.

ಈಗ ಉಳಿದದ್ದು ಕೆಲವೇ ನೂರು. ಕಲಿಸಲು ಹಿರಿಯ ಗಂಡುಗಳಿಲ್ಲದೆ ಎಳೆಯವು ಬೇರೆ ಹಕ್ಕಿಗಳ ಹಾಡು ಕಲಿಯುತ್ತಿವೆ ಎಂದು 2021ರ ಅಧ್ಯಯನ ಹೇಳಿದೆ. ಹೀಗಾದರೆ ಜೋಡಿ ಸಿಗುವುದೂ ಕಷ್ಟ.

ಅಲ್ಲಿನ ಕೆಲವು ರೈತರು ತಮ್ಮ ಜಮೀನಿನಲ್ಲಿ ಮತ್ತೆ ಅದೇ ಮರ ಬೆಳೆಸುತ್ತಿದ್ದಾರೆ.