‘ತಲುಪಿತು’ ಅಂದ ಮೇಲೆ ಕಳೆದುಹೋದ ಆಡಿಯೋ

ಹೋದ ತಿಂಗಳು ನಮ್ಮ ಕೇಳುಗರೊಬ್ಬರು ತಮ್ಮ ಅಜ್ಜಿಯ ಮಾತು ರೆಕಾರ್ಡ್ ಮಾಡಿ ನಮ್ಮ ಫಾರ್ಮ್‌ಗೆ ಅಪ್‌ಲೋಡ್ ಮಾಡಿದ್ರು. ಅವರಿಗೆ ‘ತಲುಪಿತು’ ಅಂತ ಉತ್ತರಾನೂ ಹೋಯ್ತು. ಆದ್ರೆ ಆ ಆಡಿಯೋ ನನ್ನ ಹತ್ರ ಇಲ್ಲ. ನಾನು ಓದಿದ್ದು ಬಿಕಾಂ. ನನ್ನ ಭಾಷೇಲಿ ಹೇಳೋದಾದ್ರೆ, ರಸೀದಿ ಕೊಟ್ಟಾಯ್ತು, ಕ್ಯಾಶ್ ಬುಕ್‌ನಲ್ಲಿ ಎಂಟ್ರಿ ಇಲ್ಲ.

ಕೇಳುಗರು ಕಳಿಸೋದನ್ನೆಲ್ಲ ವಿಂಗಡಿಸೋಕೆ ನಾನು ಅಪಾಚೆ ಕ್ಯಾಮೆಲ್ ಬಳಸ್ತೀನಿ. 2007ರಿಂದ ಇರೋ, ಉಚಿತವಾಗಿ ಸಿಗೋ ಜಾವಾ ಸಾಫ್ಟ್‌ವೇರ್ ಅದು. ಸಂದೇಶ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗಬೇಕು ಅಂತ ಬರೆದುಕೊಟ್ಟರೆ ಸಾಕು, ಅಂಚೆ ಕಚೇರಿಯ ಸಾರ್ಟಿಂಗ್ ಟೇಬಲ್ ಥರ ಸಾಗಿಸುತ್ತೆ. ಆ ದಾರಿಗೆ ರೂಟ್ ಅಂತಾರೆ. ರೂಟ್ ಬರೆಯೋದು ಸುಲಭ. ಆ ಪ್ರೋಗ್ರಾಂ ಸದಾ ಓಡ್ತಾ ಇರೋ ಹಾಗೆ ನೋಡಿಕೊಳ್ಳೋದೇ ಕಷ್ಟ.

ಮೊದಲ ದಿನವೇ ಪೆಟ್ಟು ತಿಂದೆ. ಸ್ಟಾರ್ಟ್ ಅಂದೆ, ‘ಶುರುವಾಯ್ತು’ ಅಂತ ಲಾಗ್ ಬಂತು, ಮರುಕ್ಷಣ ಪ್ರೋಗ್ರಾಂ ಮುಗಿದೇ ಹೋಯ್ತು. ಕಾರಣ ಇಷ್ಟೇ: ಸ್ಟಾರ್ಟ್ ಅನ್ನೋ ಆಜ್ಞೆ ರೂಟ್‌ಗಳನ್ನು ಶುರು ಮಾಡಿ ತಕ್ಷಣ ವಾಪಸ್ ಬರುತ್ತೆ, ಅಲ್ಲೇ ಕಾಯಲ್ಲ. ಒಳಗೆ ಕೆಲಸ ಮಾಡೋ ಥ್ರೆಡ್‌ಗಳು ಡೀಮನ್ ಜಾತಿಯವು, ಮುಖ್ಯ ಥ್ರೆಡ್ ಮುಗಿದರೆ ಜಾವಾ ಅವಕ್ಕೋಸ್ಕರ ನಿಲ್ಲಲ್ಲ. ಮಾಲೀಕರು ಅಂಗಡಿ ತೆಗೆದು ಹಾಗೇ ಹೊರಟು, ಹುಡುಗರು ಒಳಗಿರುವಾಗಲೇ ಶಟರ್ ಎಳೆದ ಹಾಗೆ. ನಾನು ಜಾಣತನ ಮಾಡಿ ‘ಒಂದು ಗಂಟೆ ಮಲಗಿರು’ ಅಂತ ಒಂದು ಸಾಲು ಸೇರಿಸಿದೆ. ಸರಿಯಾಗಿ ಒಂದು ಗಂಟೆ ಓಡಿ ನಿಂತಿತು! ಇದಕ್ಕಂತಲೇ ಕ್ಯಾಮೆಲ್‌ನಲ್ಲಿ ಮೇನ್ ಅನ್ನೋ ಕ್ಲಾಸ್ ಇದೆ. ಅದರ ರನ್ ಕರೆದರೆ, ನಾವು ನಿಲ್ಲಿಸೋ ತನಕ ಪ್ರೋಗ್ರಾಂ ಜೀವಂತ ಇರುತ್ತೆ.

ಅಜ್ಜಿಯ ಆಡಿಯೋ ಕಳೆದಿದ್ದು ಶುರು ಮಾಡುವಾಗಲ್ಲ, ನಿಲ್ಲಿಸುವಾಗ.

ನಿಲ್ಲು ಅನ್ನೋ ಸಿಗ್ನಲ್ ಬಂದ್ರೆ ಕ್ಯಾಮೆಲ್ ಧಡಕ್ಕನೆ ಸಾಯಲ್ಲ. ಹೊಸದನ್ನು ತಗೊಳ್ಳೋದು ನಿಲ್ಲಿಸಿ, ಒಳಗೆ ಬಂದಿರೋದನ್ನು ಮುಗಿಸೋಕೆ ನೋಡುತ್ತೆ. ‘ಇನ್ನೂ ಇಷ್ಟು ಬಾಕಿ ಇದೆ, ಕಾಯ್ತಿದೀನಿ’ ಅಂತ ಲಾಗ್‌ನಲ್ಲೂ ಬರೆಯುತ್ತೆ. ಈ ಕಾಯುವಿಕೆಗೂ ಮಿತಿ ಇದೆ. ಎರಡನೇ ಸರಣಿಯಲ್ಲಿ 300 ಸೆಕೆಂಡ್ ಇತ್ತು, ಈಗ 45. ಆದ್ರೆ ನನ್ನ ಪ್ರೋಗ್ರಾಂ ಓಡ್ತಿದ್ದಿದ್ದು ಡಾಕರ್ ಒಳಗೆ. ಡಾಕರ್ ಸ್ಟಾಪ್ ಅಂದ್ರೆ ಅದು ಮೊದಲು ಮರ್ಯಾದೆಯಿಂದ ಹೇಳುತ್ತೆ, 10 ಸೆಕೆಂಡ್ ಕಾಯುತ್ತೆ, ಆಮೇಲೆ ಕುತ್ತಿಗೆ ಹಿಸುಕುತ್ತೆ. ಆ ಎರಡನೇ ಸಿಗ್ನಲ್ ಅನ್ನು ಯಾವ ಪ್ರೋಗ್ರಾಂ ಕೂಡ ತಡೆಯೋಕಾಗಲ್ಲ. ಅಪ್‌ಡೇಟ್ ಹಾಕೋಕೆ ನಾನು ನಿಲ್ಲಿಸಿದಾಗ ಅಜ್ಜಿಯ ಆಡಿಯೋ ಮೆಮೊರಿಯೊಳಗಿನ ಕ್ಯೂನಲ್ಲಿ ತನ್ನ ಸರದಿಗೆ ಕಾಯ್ತಿತ್ತು. ಕ್ಯಾಮೆಲ್ ತನಗೆ 45 ಸೆಕೆಂಡ್ ಇದೆ ಅಂತ ನಂಬಿತ್ತು, ಪಾಪ.

ಡಾಕರ್ ಕಾಯೋ ಸಮಯವನ್ನು ಕ್ಯಾಮೆಲ್‌ದಕ್ಕಿಂತ ಜಾಸ್ತಿ, 60 ಸೆಕೆಂಡ್ ಮಾಡಿದೆ. ಇನ್ನೊಂದು ಬಲೆ: ಜಾವಾವನ್ನು ಶೆಲ್ ಸ್ಕ್ರಿಪ್ಟ್ ಮೂಲಕ ಶುರು ಮಾಡಿದ್ರೆ ಸಿಗ್ನಲ್ ಶೆಲ್‌ಗೆ ಹೋಗುತ್ತೆ, ಜಾವಾಗೆ ಸುದ್ದಿಯೇ ಮುಟ್ಟದೇ ಇರಬಹುದು. ಸ್ಕ್ರಿಪ್ಟ್‌ನಲ್ಲಿ ಜಾವಾ ಸಾಲಿನ ಮುಂದೆ ಎಕ್ಸೆಕ್ ಅಂತ ಹಾಕಿದ್ರೆ ಸರಿಹೋಗುತ್ತೆ.

ಇಷ್ಟು ಮಾಡಿದ್ರೂ ನನಗೆ ಸಮಾಧಾನ ಆಗಲಿಲ್ಲ. ಕರೆಂಟ್ ಹೋದ್ರೆ ಯಾರೂ 60 ಸೆಕೆಂಡ್ ಕೊಡಲ್ಲ. ಹಾಗಾಗಿ ಈಗ ಆಡಿಯೋ ಮೊದಲು ಡಿಸ್ಕ್‌ನ ಫೋಲ್ಡರ್‌ಗೆ ಬೀಳುತ್ತೆ, ಆಮೇಲಷ್ಟೇ ‘ತಲುಪಿತು’ ಅನ್ನೋ ಉತ್ತರ ಹೋಗುತ್ತೆ. ಕೆಲಸ ಮುಗಿದ ಫೈಲನ್ನು ಕ್ಯಾಮೆಲ್ ಪಕ್ಕದ ಫೋಲ್ಡರ್‌ಗೆ ಸರಿಸುತ್ತೆ. ಅರ್ಧಕ್ಕೆ ಸತ್ತರೆ ಫೈಲ್ ಅಲ್ಲೇ ಇರುತ್ತೆ, ಮತ್ತೆ ಶುರುವಾದಾಗ ಎತ್ತಿಕೊಳ್ಳುತ್ತೆ. ಒಮ್ಮೊಮ್ಮೆ ಒಂದೇ ಆಡಿಯೋ ಎರಡು ಸಲ ಬರುತ್ತೆ. ಬರಲಿ, ಒಂದನ್ನು ನಾನೇ ಅಳಿಸ್ತೀನಿ.

ಆ ಕೇಳುಗರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ರೆಕಾರ್ಡಿಂಗ್ ಅವರ ಮೊಬೈಲ್‌ನಲ್ಲಿ ಇನ್ನೂ ಇತ್ತು. ನಿನ್ನೆ ಮತ್ತೆ ಕಳಿಸಿದ್ದಾರೆ, ಈ ಸಲ ಫೋಲ್ಡರ್ ತೆಗೆದು ನೋಡಿ ಖಾತ್ರಿ ಮಾಡ್ಕೊಂಡೆ. ಮುಂದಿನ ಎಪಿಸೋಡ್‌ನಲ್ಲಿ ಅಜ್ಜಿ ಮಾತಾಡ್ತಾರೆ.