ಎಣ್ಣೆ ಚೆಲ್ಲಿದವರು ಯಾರು, ದಂಡ ತೆರುವವರು ಯಾರು?

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ದಾರಿಯಲ್ಲಿ ಹೊರಟ ಸಂಸಾರವೊಂದನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಕೆಂಗೇರಿಯ ಬಳಿ ದುರ್ವಾಸನೆ ತಾಳಲಾರದೆ ಕಾರಿನ ಗಾಜುಗಳನ್ನು ಏರಿಸಿದ್ದಾಯಿತು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಉಪಾಹಾರ ಮುಗಿಯಿತು. ಚನ್ನಪಟ್ಟಣದಲ್ಲಿ ಕಿರಿಯ ಮಗುವಿಗೊಂದು ಬೊಂಬೆ ಕೊಳ್ಳುವುದೆಂದು ಮೊದಲೇ ಮಾತಾಗಿದೆ. ರಾಮನಗರದ ಬಂಡೆಬೆಟ್ಟಗಳು ಕಾಣಿಸುವ ವೇಳೆಗೆ ಯಜಮಾನರು ಪೆಟ್ರೋಲು ಹಾಕಿಸಲೆಂದು ಬಂಕಿನತ್ತ ಗಾಡಿ ತಿರುಗಿಸುವರು.

“ಅಪ್ಪಾ, ಈ ಕಂಪೆನಿಯದು ಬೇಡ. ಇವರ ಕಡೆಯ ಎಣ್ಣೆ ಚೆಲ್ಲಿ ಮೀನುಗಾರರ ಬದುಕೇ ಹಾಳಾಯಿತಲ್ಲ! ಮುಂದಿನ ಬಂಕಿಗೆ ಹೋಗೋಣ” ಎನ್ನುವಳು ಹಿಂದೆ ಕುಳಿತ ಕಾಲೇಜು ಓದುವ ಮಗಳು.

“ಮುಂದಿನ ಬಂಕಿನವನೇನು ಧರ್ಮರಾಯನೇ, ಮಗೂ?” ಎಂದು ತಂದೆ ನಗುವರು.

ತಂದೆಯ ನಗೆ ಸಹಜವಾದದ್ದೇ; ಆದರೆ ಮಗಳ ಮಾತು ನಗೆಯಲ್ಲಿ ತೇಲಿಸಿಬಿಡುವಂಥದಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಸುರಿದಾಗ, ಚೆನ್ನೈನ ಉತ್ತರದ ಮಣಲಿಯಲ್ಲಿರುವ ಚೆನ್ನೈ ಪೆಟ್ರೋಲಿಯಂ ಸಂಸ್ಥೆಯ ತೈಲಾಗಾರದ ಕಡೆಯಿಂದ ಎಣ್ಣೆ ನೆರೆಯ ನೀರಿನೊಡನೆ ಹರಿದು ಎಣ್ಣೂರಿನ ಅಳಿವೆಯನ್ನು ಸೇರಿತು. ದೋಣಿ, ಬಲೆಗಳೆಲ್ಲ ಕಪ್ಪು ಜಿಡ್ಡಾದವು. ಆ ಸಂಸ್ಥೆಯಾದರೋ ಇಂಡಿಯನ್ ಆಯಿಲ್ ಕಂಪೆನಿಯ ಅಂಗಸಂಸ್ಥೆ. ಹಾಗಾದರೆ ಆ ಹೆಸರಿನ ಬಂಕಿಗೆ ಬೆನ್ನು ತಿರುಗಿಸುವುದು ಗ್ರಾಹಕನ ಧರ್ಮವೇ?

ಬಹಿಷ್ಕಾರದ ಬಲ

ಬಹಿಷ್ಕಾರವೆಂಬುದು ನಮ್ಮ ಜನರಿಗೆ ಹೊಸ ಅಸ್ತ್ರವೇನೂ ಅಲ್ಲ. 1905ರ ಸ್ವದೇಶಿ ಚಳವಳಿಯ ದಿನಗಳಿಂದಲೂ ವಿದೇಶಿ ಬಟ್ಟೆಯ ತ್ಯಾಗ ಮನೆಮನೆಯ ಮಾತಾಗಿತ್ತು. ಆದರೆ ಗಾಂಧೀಜಿಯವರು ವಿದೇಶಿ ಬಟ್ಟೆಯನ್ನು ಬಿಡಿರೆಂದು ಹೇಳಿ ಸುಮ್ಮನಾಗಲಿಲ್ಲ; ಬಿಟ್ಟವರ ಕೈಗೆ ಚರಕವನ್ನೂ ಕೊಟ್ಟರು. ಬಿಡುವುದರ ಜೊತೆಗೆ ಹಿಡಿಯುವುದೊಂದು ಇದ್ದುದರಿಂದಲೇ ಆ ವ್ರತ ಬಹುಕಾಲ ನಿಂತಿತು.

ಎಣ್ಣೆಯ ಕಂಪೆನಿಯನ್ನೂ ಗ್ರಾಹಕರು ಮಣಿಸಿದ ನಿದರ್ಶನವುಂಟು. 1995ರಲ್ಲಿ ಷೆಲ್ ಕಂಪೆನಿ ಬ್ರೆಂಟ್ ಸ್ಪಾರ್ ಎಂಬ ಹಳೆಯ ತೇಲುವ ಎಣ್ಣೆ ಉಗ್ರಾಣವನ್ನು ಅಟ್ಲಾಂಟಿಕ್ ಸಾಗರದ ಆಳದಲ್ಲಿ ಮುಳುಗಿಸಲು ಹೊರಟಿತ್ತು. ಗ್ರೀನ್‌ಪೀಸ್ ಸಂಘಟನೆಯವರು ಅದನ್ನೇರಿ ಕುಳಿತರು. ಜರ್ಮನಿಯ ವಾಹನ ಸವಾರರು ಷೆಲ್ ಬಂಕುಗಳತ್ತ ಸುಳಿಯದಾದರು. ಅದೇ ಜೂನ್ 20ರಂದು ಕಂಪೆನಿ ಹಿಂಜರಿಯಿತು. ಕೊನೆಗೆ ಆ ಉಗ್ರಾಣದ ಭಾಗಗಳು ನಾರ್ವೆಯಲ್ಲೊಂದು ಹಡಗುಕಟ್ಟೆ ಕಟ್ಟುವುದಕ್ಕೆ ಒದಗಿದವು. ಈ ಕಥೆಗೆ ಇನ್ನೊಂದು ಮುಖವೂ ಇದೆ. ಉಗ್ರಾಣದಲ್ಲಿ ಉಳಿದಿದ್ದ ಎಣ್ಣೆಯ ಪ್ರಮಾಣವನ್ನು ತಾವು ಬಹಳ ಹೆಚ್ಚಾಗಿ ಹೇಳಿದ್ದು ತಪ್ಪೆಂದು ಗ್ರೀನ್‌ಪೀಸಿನವರೇ ಆ ಬಳಿಕ ಕ್ಷಮೆ ಕೇಳಿದರು. ಬಹಿಷ್ಕಾರಕ್ಕೆ ಬಲವುಂಟು, ನಿಜ. ಆದರೆ ಬಲವಿದ್ದ ಮಾತ್ರಕ್ಕೆ ಅದರ ಲೆಕ್ಕವೆಲ್ಲ ಸರಿಯೆಂದು ಹೇಳಲಾಗದು.

ಪೆಟ್ಟು ಬೀಳುವುದು ಎಲ್ಲಿ?

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಬಿ.ಪಿ. ಕಂಪೆನಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ಯಂತ್ರನೌಕೆ ಸಿಡಿದು 11 ಮಂದಿ ಕೆಲಸಗಾರರು ಮಡಿದರು. 87 ದಿನಗಳ ಕಾಲ ಸಾಗರದ ತಳದಿಂದ ಎಣ್ಣೆ ಚಿಮ್ಮಿತು. ಅಮೆರಿಕದಲ್ಲಿ ಬಹಿಷ್ಕಾರದ ಕೂಗೆದ್ದಿತು. ಆದರೆ ಬಿ.ಪಿ. ಹೆಸರಿನ ಫಲಕ ಹೊತ್ತ ಬಂಕುಗಳಲ್ಲಿ ಬಹುಪಾಲು ಕಂಪೆನಿಯ ಸ್ವತ್ತಾಗಿರಲಿಲ್ಲ, ಸ್ವತಂತ್ರ ವ್ಯಾಪಾರಿಗಳದಾಗಿದ್ದವು. ಸಾಗರವನ್ನು ಕಾಣದ ಊರಿನ ಅಂಗಡಿಯವನು ಸಾಗರದ ಪಾಪಕ್ಕೆ ದಂಡ ತೆತ್ತನು. ಕಂಪೆನಿಯ ಮೇಲೆ ನಿಜವಾದ ಭಾರ ಬಿದ್ದುದು ನ್ಯಾಯಾಲಯದ ಕಟ್ಟೆಯಲ್ಲಿ: ಎರಡು ಸಾವಿರ ಕೋಟಿ ಡಾಲರುಗಳಿಗೂ ಮೀರಿದ ಪರಿಹಾರವನ್ನು ಅದು 2015ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ನಮ್ಮ ಮೈಸೂರು ರಸ್ತೆಯ ಸ್ಥಿತಿಯೂ ಇದಕ್ಕೆ ಹೊರತಲ್ಲ. ಬಂಕುಗಳಲ್ಲಿ ಬಹುತೇಕ ನಡೆಯುವುದು ಲೀಟರಿಗೆ ಇಷ್ಟೆಂದು ಕಮಿಷನ್ನು ಪಡೆಯುವ ಡೀಲರುಗಳಿಂದ. ಮೇಲಿನ ಫಲಕದ ಬಣ್ಣ ಬೇರೆಯಾದ ಮಾತ್ರಕ್ಕೆ ನೆಲದಡಿಯ ಪೆಟ್ರೋಲು ಬೇರೆಯೆಂದೂ ಹೇಳುವಂತಿಲ್ಲ. ಮಂಗಳೂರಿನ ತೈಲಾಗಾರದಿಂದ ಹಾಸನದ ಮೂಲಕ ಬೆಂಗಳೂರಿನವರೆಗೆ ಸುಮಾರು 360 ಕಿಲೋಮೀಟರು ಉದ್ದದ ಕೊಳವೆಯೊಂದಿದೆ. ಸರ್ಕಾರಿ ರಂಗದ ಕಂಪೆನಿಗಳು ಎಣ್ಣೆಯನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಪದ್ಧತಿಯೂ ಇದೆ. ಮಗಳ ಮಾತಿಗೆ ಒಪ್ಪಿ ಮುಂದಿನ ಬಂಕಿಗೆ ಹೋದ ತಂದೆ ಅದೇ ಕೊಳವೆಯ ಪೆಟ್ರೋಲನ್ನೇ ತುಂಬಿಸಿಕೊಂಡು ಬರುವ ಸಂಭವವಿದೆ!

ಕೆಲವೊಮ್ಮೆ ಬಹಿಷ್ಕರಿಸಲು ವಸ್ತುವೇ ಇರುವುದಿಲ್ಲ. 2006ರ ಮೇ ತಿಂಗಳ ಕೊನೆಯಲ್ಲಿ ನಮ್ಮ ಕಾರವಾರದ ಬಳಿ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಸಿಕ್ಕಿಕೊಂಡು, ಅದರ ಎಣ್ಣೆ ಗೋವೆಯ ತೀರದವರೆಗೂ ಹಬ್ಬಿತು. ಆ ಹಡಗಿನ ಒಡೆಯರಿಂದ ನಮ್ಮ ಗೃಹಿಣಿ ಯಾವ ಸಾಮಾನನ್ನು ಕೊಳ್ಳುತ್ತಿದ್ದಳು, ಕೊಳ್ಳದೆ ಬಿಡುವುದಕ್ಕೆ?

ಇನ್ನೊಂದು ಬಗೆಯ ಬಹಿಷ್ಕಾರ ಮಾತ್ರ ಯಾರೂ ಕರೆಕೊಡದೆ ತಾನಾಗಿಯೇ ನಡೆದುಬಿಡುತ್ತದೆ. 2017ರ ಜನವರಿಯಲ್ಲಿ ಎಣ್ಣೂರಿನ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿ ಹೊಡೆದು ಎಣ್ಣೆ ಚೆಲ್ಲಿದಾಗ, ಪೇಟೆಯ ಜನ ಮೀನು ಕೊಳ್ಳಲು ಹಿಂಜರಿದರು. ಜನರ ಭಯ ಸಹಜವೇ. ಆದರೆ ಎಣ್ಣೆ ಚೆಲ್ಲಿದವರನ್ನು ಬಿಟ್ಟು, ಎಣ್ಣೆಯಿಂದ ಕೆಟ್ಟವರ ಬುಟ್ಟಿಗೇ ಪೆಟ್ಟು ಬಿದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಗಾಜು ಏರಿಸಿದ ಹೊಳೆ

ಎಣ್ಣೂರು ದೂರವಾಯಿತೆಂದು ತೋರುವುದಾದರೆ, ಕೆಂಗೇರಿಯಲ್ಲಿ ಗಾಜು ಏರಿಸಿದ ಸಂಗತಿಯನ್ನು ಓದುಗರು ನೆನೆಯಬೇಕು. ಆ ವಾಸನೆ ವೃಷಭಾವತಿಯದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ಜನ ನಂಬಿದ ಹೊಳೆ ಅದು. ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು, ಬಿಡದಿಯ ಸಮೀಪದ ಬೈರಮಂಗಲದ ಕೆರೆಗೆ ನೊರೆನೊರೆಯಾಗಿ ಬಂದು ಬೀಳುತ್ತದೆ. ಅಲ್ಲಿಂದ ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ.

ಬೇಸಾಯಕ್ಕೆಂದು ಕಟ್ಟಿದ ಬೈರಮಂಗಲದ ನೀರು ಬೇಸಾಯದ ರೀತಿಯನ್ನೇ ಬದಲಿಸಿತು. ಭತ್ತ ಬೆಳೆಯುತ್ತಿದ್ದವರು ಹಿಪ್ಪುನೇರಳೆ, ಮೇವಿನ ಹುಲ್ಲು, ಎಳೆಜೋಳಗಳತ್ತ ತಿರುಗಿದರು. ಅಲ್ಲಿನ ಬೆಳೆಗಳಲ್ಲಿಯೂ ಹಾಲಿನಲ್ಲಿಯೂ ಭಾರಲೋಹಗಳ ಅಂಶವಿದೆಯೆಂದು ಸಂಶೋಧಕರು ಎಚ್ಚರಿಸಿದ್ದಾರೆ. ಇದನ್ನೋದಿದ ನಗರದ ಗೃಹಸ್ಥರೊಬ್ಬರು, “ಇನ್ನು ಆ ಕಡೆಯ ತರಕಾರಿ ನಮ್ಮ ಮನೆಗೆ ಬೇಡ” ಎಂದರೆ ಅದು ಅಪರಾಧವೇನಲ್ಲ. ಮಕ್ಕಳ ಆರೋಗ್ಯ ಎಲ್ಲರಿಗೂ ಮುಖ್ಯ. ಆದರೆ ಆ ಮಾತಿನಿಂದ ದಂಡ ತೆರುವವನು ರೈತ. ಅವನ ನೀರನ್ನು ಕೆಡಿಸಿದವರ ಪಟ್ಟಿಯಲ್ಲಿ ಕಾರ್ಖಾನೆಗಳ ಜೊತೆಗೆ ಆ ಗೃಹಸ್ಥರ ಬಚ್ಚಲೂ ಇದೆ.

ಇದರ ವಿಪರ್ಯಾಸ ಇನ್ನೂ ಆಳವಾದುದು. ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಸಿದ್ಧವಾದ ಜಲಾಶಯ ಅರ್ಕಾವತಿಯ ನೀರನ್ನು ದಶಕಗಳ ಕಾಲ ಬೆಂಗಳೂರಿಗೆ ಕುಡಿಸಿತು. ಮಾಗಡಿಯ ಕಡೆಯಿಂದ ಸಿಹಿನೀರು ನಗರಕ್ಕೆ ಏರಿತು; ನಗರದಿಂದ ಕೊಳಚೆ ಬಿಡದಿ, ಕನಕಪುರಗಳಿಗೆ ಇಳಿಯಿತು. ಇಲ್ಲಿ ಯಾವ ಕಂಪೆನಿಯ ಫಲಕ ನೋಡಿ ಬೆನ್ನು ತಿರುಗಿಸುವುದು?

ಹಾಗಾದರೆ ಗ್ರಾಹಕನ ಕೈಯಲ್ಲಿ ಏನಿದೆ?

ಏನೂ ಇಲ್ಲವೆಂದು ಕೈಚೆಲ್ಲಿ ಕೂರುವುದು ತಪ್ಪು. ಚನ್ನಪಟ್ಟಣದ ಬೊಂಬೆಯ ಅಂಗಡಿಯಲ್ಲಿಯೇ ಇದಕ್ಕೆ ಉತ್ತರವಿದೆ. ಚೀನದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು, ಬಣ್ಣದಲ್ಲಿ ಸೀಸವಿದ್ದ ಕಾರಣ, ಅಮೆರಿಕದ ಮ್ಯಾಟೆಲ್ ಕಂಪೆನಿ 2007ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಂಥ ಆಟಿಕೆಯನ್ನು ಬಿಟ್ಟು, ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಬೊಂಬೆಯನ್ನು ತಾಯಿಯೊಬ್ಬಳು ಕೊಂಡರೆ, ಅವಳ ಹಣ ನೇರವಾಗಿ ಮಾತಾಡುತ್ತದೆ. ಬಿಟ್ಟದ್ದು ಯಾವುದು, ಹಿಡಿದದ್ದು ಯಾವುದು, ಲಾಭ ಯಾರಿಗೆ ಎಂಬ ಮೂರೂ ಅಲ್ಲಿ ಸ್ಪಷ್ಟ. ಪೆಟ್ರೋಲಿನಲ್ಲಿ ಆ ಸ್ಪಷ್ಟತೆಯಿಲ್ಲ.

ಆದ್ದರಿಂದ ಬಹಿಷ್ಕಾರಕ್ಕೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ತಪ್ಪು ಯಾರದೆಂದು ಖಚಿತವಾಗಿದೆಯೆ? ಪೆಟ್ಟು ತಪ್ಪಿತಸ್ಥನಿಗೇ ತಗಲುವುದೆ? ಬೇರೆ ದಾರಿ ಇದೆಯೆ? ಕಂಪೆನಿ ಏನು ಮಾಡಿದರೆ ಬಹಿಷ್ಕಾರ ಮುಗಿಯುವುದೆಂದು ಹೇಳಿದ್ದೇವೆಯೆ? ನಾಲ್ಕಕ್ಕೂ ಉತ್ತರ ಹೌದೆಂದಾದರೆ ಬಹಿಷ್ಕಾರ ನ್ಯಾಯವಾದ ಅಸ್ತ್ರ. ಇಲ್ಲವಾದರೆ ಅದು ಕೋಪದ ತೃಪ್ತಿ ಮಾತ್ರ.

ಉಳಿದ ಕಡೆ ಕಾನೂನಿನ ದಾರಿಯನ್ನು ಹಿಡಿಯಬೇಕು. 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಮೊಕದ್ದಮೆಯಲ್ಲಿ, ಅಪಾಯದ ಉದ್ಯಮ ನಡೆಸುವವರು ಯಾವ ನೆಪವನ್ನೂ ಹೇಳದೆ ನಷ್ಟ ತುಂಬಿಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿದೆ. ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು 1996ರಲ್ಲಿ ಅದು ಎತ್ತಿಹಿಡಿಯಿತು. 2010ರ ಕಾಯಿದೆಯಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಂದಿದೆ. ಮೀನುಗಾರನ ಪರಿಹಾರಕ್ಕಾಗಿ, ಬೈರಮಂಗಲದ ರೈತನ ನೀರಿಗಾಗಿ ನಗರದ ನಾಗರಿಕರು ಒಂದು ಅರ್ಜಿಗೆ ಸಹಿ ಹಾಕಿದರೆ, ಬಂಕು ಬದಲಿಸುವುದಕ್ಕಿಂತ ಅದು ಹೆಚ್ಚು ಫಲ ಕೊಟ್ಟೀತು.

ಮಗಳಿಗೆ ಇಷ್ಟರಿಂದ ಸಮಾಧಾನವಾಗದಿದ್ದರೆ ಅದೂ ಒಳ್ಳೆಯದೇ. ಎಲ್ಲ ಕಂಪೆನಿಗಳಿಗೂ ಒಂದೇ ಸಮನಾಗಿ ತಗಲುವ ಬಹಿಷ್ಕಾರವೊಂದುಂಟು: ಮುಂದಿನ ಬಾರಿ ಸಂಸಾರವೆಲ್ಲ ರೈಲಿನಲ್ಲಿ ಮೈಸೂರಿಗೆ ಹೋಗುವುದು. ರಾಮನಗರ, ಚನ್ನಪಟ್ಟಣಗಳು ಆ ದಾರಿಯಲ್ಲಿಯೂ ಸಿಗುತ್ತವೆ. ಹೋಗುವ ಮುನ್ನ, ತಮ್ಮ ಮನೆಯ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ತಂದೆ ಮಗಳು ಇಬ್ಬರೂ ಕೂಡಿ ವಿಚಾರಿಸಿಕೊಳ್ಳಲಿ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.