ತೋಟದ ನಾಯಿಗೆ ಮನೆಯಲ್ಲೇ ಪೂರಕ ಆಹಾರ

ನಮ್ಮ ಬೆಳೆಗಾರರ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಅಪರೂಪ. ಕಣದಲ್ಲಿ ಹರವಿದ ಅಡಿಕೆಯನ್ನೂ ಕಾಫಿಯನ್ನೂ ರಾತ್ರಿಯಿಡೀ ಕಾಯುವುದು, ಮಂಗಗಳನ್ನು ಓಡಿಸುವುದು, ಹಂದಿ ಬೇಲಿ ನುಸುಳಿದ ಸುಳಿವು ಕೊಡುವುದು, ಅಪರಿಚಿತರು ಬಂದರೆ ಮನೆಯವರನ್ನು ಎಬ್ಬಿಸುವುದು, ಇಷ್ಟನ್ನೂ ಸಂಬಳವಿಲ್ಲದೆ ಮಾಡುವ ಜೀವ ಅದು. ಆದರೆ ಸಂಜೆ ಅದರ ಬಟ್ಟಲಿಗೆ ಬೀಳುವುದೇನು? ಹೆಚ್ಚಿನ ಮನೆಗಳಲ್ಲಿ ಮಿಕ್ಕ ಅನ್ನ, ಅದರ ಮೇಲೆ ಒಂದಿಷ್ಟು ಮಜ್ಜಿಗೆ ಅಥವಾ ಸಾರು. ಹೊಟ್ಟೆ ತುಂಬುತ್ತದೆ, ನಾಯಿ ಬಾಲ ಅಲ್ಲಾಡಿಸುತ್ತದೆ, ನಮಗೂ ಸಮಾಧಾನ. ಆದರೂ ಕೂದಲು ಒರಟಾಗುತ್ತದೆ, ಪಕ್ಕೆಲುಬು ಕಾಣುತ್ತದೆ, ಮರಿಗಳ ಮುಂಗಾಲು ಸೊಟ್ಟಗಾಗುತ್ತದೆ. ಆಗ ಪೇಟೆಗೆ ಹೋಗಿ ಶಕ್ತಿವರ್ಧಕ ಡಬ್ಬಿಯೊಂದನ್ನು ತರುವುದು ಈಗಿನ ರೂಢಿ.

ಅಂಥ ಡಬ್ಬಿಗಳ ಮೇಲಿನ ಬರಹವನ್ನು ಓದಿ ನೋಡಿ. ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ, ರಂಜಕ, ಮೀನೆಣ್ಣೆ, ಕೆಲವು ಜೀವಸತ್ವಗಳು. ಇವುಗಳಲ್ಲಿ ಮುಖ್ಯವಾದವು ನಮ್ಮ ಅಡಿಗೆಮನೆಯಲ್ಲೇ ಸಿಗುತ್ತವೆ. ಯಾವುದನ್ನು, ಎಷ್ಟು, ಯಾಕೆ ಕೊಡಬೇಕು ಎಂಬುದನ್ನು ತಿಳಿದುಕೊಂಡರೆ ಸಾಕು. ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಅದನ್ನು ನಾನು ಕಲಿತ ರೀತಿಯನ್ನು ಮುಂದೆ ಹೇಳುತ್ತೇನೆ.

ಅನ್ನದಲ್ಲಿ ಏನಿಲ್ಲ?

ತೋಟಕ್ಕೆ ಬರೀ ಯೂರಿಯಾ ಹಾಕಿ ಫಸಲು ನಿರೀಕ್ಷಿಸುವವರು ನಮ್ಮಲ್ಲಿ ಯಾರೂ ಇಲ್ಲ. ನಾಯಿಗೆ ಬರೀ ಅನ್ನ ಹಾಕುವುದೂ ಹಾಗೆಯೇ. ಅನ್ನ ಶಕ್ತಿ ಕೊಡುತ್ತದೆ ನಿಜ. ಆದರೆ ಅಕ್ಕಿಯಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ನೂರಕ್ಕೆ ಏಳೆಂಟು ಪಾಲು ಮಾತ್ರ. ಬೆಳೆದ ನಾಯಿಯ ಆಹಾರದಲ್ಲಿ ನೀರಿನಂಶ ಕಳೆದು ಲೆಕ್ಕ ಹಾಕಿದರೆ ನೂರಕ್ಕೆ 18 ಪಾಲಾದರೂ ಪ್ರೋಟೀನು ಇರಬೇಕು. ಬೆಳೆಯುವ ಮರಿಗೆ ಮತ್ತು ಹಾಲೂಡುವ ತಾಯಿಗೆ 22ಕ್ಕೂ ಹೆಚ್ಚು ಬೇಕು.

ಎರಡನೆಯ ಕೊರತೆ ಸುಣ್ಣದಂಶದ್ದು, ಅಂದರೆ ಕ್ಯಾಲ್ಸಿಯಮ್ಮಿನದು. ಅಕ್ಕಿಯಲ್ಲೂ ಮಾಂಸದಲ್ಲೂ ರಂಜಕ ಇದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ನಾಯಿಗೆ ಇವೆರಡೂ ಸಮವಾಗಿರಬೇಕು, ಅಥವಾ ಕ್ಯಾಲ್ಸಿಯಂ ತುಸು ಹೆಚ್ಚಿರಬೇಕು. ಇಲ್ಲದಿದ್ದರೆ ದೇಹವು ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮರಿಗಳ ಕಾಲು ಬಾಗುವುದಕ್ಕೂ ಸಣ್ಣ ನೆಗೆತಕ್ಕೇ ಮೂಳೆ ಮುರಿಯುವುದಕ್ಕೂ ಇದು ದೊಡ್ಡ ಕಾರಣ.

ಮೂರನೆಯದು ‘ಡಿ’ ಜೀವಸತ್ವ. ಮನುಷ್ಯರಿಗೆ ಬಿಸಿಲಿನಿಂದ ಇದು ದೊರೆಯುತ್ತದೆ. ನಾಯಿಯ ಚರ್ಮಕ್ಕೆ ಬಿಸಿಲಿನಿಂದ ಸಾಕಷ್ಟು ಮಾಡಿಕೊಳ್ಳುವ ಶಕ್ತಿ ಇಲ್ಲ. ಆಹಾರದಿಂದಲೇ ಸಿಗಬೇಕು. ಆದ್ದರಿಂದ ದಿನವಿಡೀ ಅಂಗಳದ ಬಿಸಿಲಲ್ಲಿ ಮಲಗುವ ನಾಯಿಗೂ ಈ ಕೊರತೆ ಬರಬಹುದು.

‘ಸಿ’ ಜೀವಸತ್ವವನ್ನು ಮಾತ್ರ ನಾಯಿಯ ಪಿತ್ತಜನಕಾಂಗವೇ ತಯಾರಿಸಿಕೊಳ್ಳುತ್ತದೆ. ಆರೋಗ್ಯವಾಗಿರುವ ನಾಯಿಗೆ ಅದಕ್ಕಾಗಿ ನೆಲ್ಲಿಪುಡಿ, ನಿಂಬೆರಸ ಕುಡಿಸುವ ಅಗತ್ಯವಿಲ್ಲ.

ಮೊಟ್ಟೆ ಚಿಪ್ಪಿನ ಪುಡಿ

ನಾವು ಗೊಬ್ಬರದ ಗುಂಡಿಗೆ ಎಸೆಯುವ ಮೊಟ್ಟೆಯ ಚಿಪ್ಪು ಹೆಚ್ಚುಕಡಿಮೆ ಪೂರ್ತಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ತಯಾರಿಸುವ ವಿಧಾನ ಸುಲಭ. ಚಿಪ್ಪುಗಳನ್ನು ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ ಮುಚ್ಚಳದ ಡಬ್ಬಿಯಲ್ಲಿಡಿ. ಒಂದು ಮೊಟ್ಟೆಯ ಚಿಪ್ಪಿನಿಂದ ಸುಮಾರು ಒಂದು ಟೀ ಚಮಚ ಪುಡಿ ಬರುತ್ತದೆ. ಅದರಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

15 ಕಿಲೋ ತೂಗುವ ಬೆಳೆದ ನಾಡು ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 1 ಗ್ರಾಂ. ಆದ್ದರಿಂದ ದಿನಕ್ಕೆ ಅರ್ಧ ಟೀ ಚಮಚ ಪುಡಿ ಸಾಕು. ಮುಳ್ಳು ಸಮೇತ ಮೀನು ಹಾಕುವ ದಿನ ಕಾಲು ಚಮಚಕ್ಕೆ ಇಳಿಸಿ. ಪೇಟೆಯ ಸಿದ್ಧ ಆಹಾರವನ್ನೇ ತಿನ್ನುವ ನಾಯಿಗೆ ಇದು ಬೇಡವೇ ಬೇಡ. ಅದರಲ್ಲಿ ಮೊದಲೇ ಸೇರಿಸಿರುತ್ತಾರೆ.

ಎರಡು ಎಚ್ಚರಿಕೆ ಮಾತು. ಚಿಪ್ಪನ್ನು ಕೆಂಡದಲ್ಲಿ ಸುಡಬೇಡಿ. ಕಡಲ ಕರೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಿಮಗೆ ಗೊತ್ತಿದೆ. ಅದು ಬಾಯಿಯನ್ನೂ ಕರುಳನ್ನೂ ಸುಡುವ ವಸ್ತು. ಅದೇ ಕಾರಣಕ್ಕೆ, ‘ಸುಣ್ಣವೂ ಕ್ಯಾಲ್ಸಿಯಮ್ಮೇ ತಾನೇ’ ಎಂದು ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಗಂಜಿಗೆ ಕದಡಬೇಡಿ.

ಮೀನು ಮತ್ತು ಮೊಟ್ಟೆ

ಮಂಗಳೂರಿನ ಕಡೆ ಬೂತಾಯಿ, ಉತ್ತರ ಕನ್ನಡದಲ್ಲಿ ತಾರ್ಲೆ, ಕೊಡಗಿನಲ್ಲಿ ಮತ್ತಿ ಎಂದು ಕರೆಯುವ ಮೀನು ನಾಯಿಯ ಮಟ್ಟಿಗೆ ಒಳ್ಳೆಯ ಪೂರಕ ಆಹಾರ. ಪ್ರೋಟೀನು, ‘ಡಿ’ ಜೀವಸತ್ವ, ಚರ್ಮಕ್ಕೂ ಕೂದಲಿಗೂ ಹಿತವಾದ ಮೀನೆಣ್ಣೆ ಮೂರೂ ಅದರಲ್ಲಿವೆ. ಉಪ್ಪು, ಖಾರ, ಹುಳಿ ಯಾವುದನ್ನೂ ಹಾಕದೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಬೆರಳಿನಲ್ಲಿ ಹಿಸುಕುವಷ್ಟು ಮೆತ್ತಗಾಗುತ್ತದೆ. ಹಾಗೆ ಮೆತ್ತಗಾಗದ ದೊಡ್ಡ ಮುಳ್ಳನ್ನು ತೆಗೆದುಬಿಡಿ. ಮಳೆಗಾಲದಲ್ಲಿ ಹಸಿ ಮೀನು ಸಿಗದಿದ್ದರೆ ಒಣಮೀನು ಆಗಬಹುದು. ಆದರೆ ಉಪ್ಪಿನಲ್ಲಿ ಹಾಕಿದ್ದಾದರೆ ಎರಡು ಮೂರು ಸಲ ನೀರು ಬದಲಿಸಿ ನೆನೆಸಿ ಉಪ್ಪು ಬಿಡಿಸಬೇಕು.

ಮೊಟ್ಟೆಯನ್ನು ಬೇಯಿಸಿಯೇ ಕೊಡಿ. ಹಸಿ ಮೊಟ್ಟೆಯ ಬಿಳಿಯಲ್ಲಿ ‘ಬಯೋಟಿನ್’ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುವ ಅಂಶವಿದೆ. ಬೇಯಿಸಿದರೆ ಅದು ನಾಶವಾಗುತ್ತದೆ.

15 ಕಿಲೋ ನಾಯಿಗೆ ದಿನದ ಅಳತೆ ಹೀಗಿರಲಿ. ಬೇಯಿಸುವ ಮೊದಲು ತೂಗಿದ 150 ಗ್ರಾಂ ಅಕ್ಕಿ ಅಥವಾ ರಾಗಿ, 150 ಗ್ರಾಂ ಮೀನು, ಒಂದು ಮೊಟ್ಟೆ, ಬೇಯಿಸಿದ ಸಿಹಿಗುಂಬಳ ಅಥವಾ ನುಗ್ಗೆಸೊಪ್ಪು ಒಂದು ಹಿಡಿ, ಅಡಿಗೆ ಎಣ್ಣೆ ಒಂದು ಟೀ ಚಮಚ, ಮೇಲೆ ಹೇಳಿದ ಚಿಪ್ಪಿನ ಪುಡಿ. ಮೀನಿಲ್ಲದ ದಿನ ಎರಡು ಮೂರು ಮೊಟ್ಟೆ ಮತ್ತು ಚೆನ್ನಾಗಿ ಬೆಂದ ಹುರುಳಿ ಅಥವಾ ಅಲಸಂದೆ. ವಾರಕ್ಕೊಮ್ಮೆ 30 ಗ್ರಾಂನಷ್ಟು ಬೇಯಿಸಿದ ಲಿವರ್ ಕೊಟ್ಟರೆ ಒಳ್ಳೆಯದು. ನಾಯಿ ದಪ್ಪಗಾಗುತ್ತಿದ್ದರೆ ಅನ್ನ ಕಡಿಮೆ ಮಾಡಿ, ಸೊರಗುತ್ತಿದ್ದರೆ ಎಲ್ಲವನ್ನೂ ತುಸು ಹೆಚ್ಚಿಸಿ.

ಮೀನು ಮೊಟ್ಟೆ ತಾರದ ಮನೆಗಳಲ್ಲಿ

ನಮ್ಮಲ್ಲಿ ಅನೇಕರ ಮನೆಯಲ್ಲಿ ಇವು ಒಳಗೆ ಬರುವುದಿಲ್ಲ. ಅಂಥವರು ಅನ್ನದ ಬದಲು ರಾಗಿ ಅಂಬಲಿಗೆ ಬದಲಾಯಿಸುವುದು ಮೊದಲ ಹೆಜ್ಜೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನ ಆಸುಪಾಸು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ಆದ್ದರಿಂದ ಜೊತೆಗೆ ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು ಹಾಗೂ ಬೇಯಿಸಿ ಹಿಸುಕಿದ ಹುರುಳಿ ಬೇಕು. ಬಹಳಷ್ಟು ನಾಯಿಗಳಿಗೆ ಹಾಲಿಗಿಂತ ಮೊಸರು ಹೆಚ್ಚು ಒಗ್ಗುತ್ತದೆ. ದನಕ್ಕೆಂದು ತಂದ ಕಡಲೆ ಹಿಂಡಿಯನ್ನು ಮಾತ್ರ ಹಾಕಬೇಡಿ. ಮಳೆಗಾಲದ ತೇವಕ್ಕೆ ಅದರಲ್ಲಿ ಬೆಳೆಯುವ ಬೂಸ್ಟಿನ ವಿಷಕ್ಕೆ ನಾಯಿಯ ಪಿತ್ತಜನಕಾಂಗ ಬೇಗ ಬಲಿಯಾಗುತ್ತದೆ. ತೋಟದ ಹೊರಮನೆಯಲ್ಲೋ ಕೆಲಸದವರ ಮನೆಯಲ್ಲೋ ದಿನಕ್ಕೆ ಎರಡು ಮೊಟ್ಟೆ ಬೇಯಿಸಿ ಹಾಕುವ ವ್ಯವಸ್ಥೆ ಮಾಡಿಕೊಂಡರೆ ಇನ್ನೂ ಉತ್ತಮ. ಮರಿ ಹಾಕಿದ ನಾಯಿ ಇರುವ ಮನೆಯಲ್ಲಂತೂ ಇದು ಅವಶ್ಯ.

ಹೆಚ್ಚಾದರೆ ಹಿತವಲ್ಲ

ಮಣ್ಣಿಗೆ ಸುಣ್ಣ ಅತಿಯಾದರೆ ಗಿಡಕ್ಕೆ ಸತು ಸಿಗದೆ ಎಲೆ ಸಣ್ಣಗಾಗುವುದನ್ನು ನಾವು ಬಲ್ಲೆವು. ನಾಯಿಯಲ್ಲೂ ಹೀಗೆಯೇ ಆಗುತ್ತದೆ. ಧಾನ್ಯವೇ ಹೆಚ್ಚಾಗಿರುವ ಆಹಾರಕ್ಕೆ ಕ್ಯಾಲ್ಸಿಯಂ ಅತಿಯಾಗಿ ಸೇರಿಸಿದರೆ ಸತು ಮೈಗೆ ಹತ್ತದೆ ಮೂಗು, ಕಣ್ಣಿನ ಸುತ್ತ, ಮೊಣಕಾಲುಗಳಲ್ಲಿ ಚರ್ಮ ಹಕ್ಕಳೆಗಟ್ಟುತ್ತದೆ. ದೊಡ್ಡ ಜಾತಿಯ ಮರಿಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೆಚ್ಚಾದ ಕ್ಯಾಲ್ಸಿಯಮ್ಮನ್ನು ತಡೆಯುವ ಶಕ್ತಿ ಎಳೆಯ ಮರಿಯ ಕರುಳಿಗೆ ಇಲ್ಲ. ಕಾಲು ನೇರವಾಗಲೆಂದು ಕೊಟ್ಟದ್ದೇ ಕಾಲು ಕೆಡಿಸಬಹುದು. ಅಂಥ ಮರಿಗಳಿಗೆ ಪಶುವೈದ್ಯರು ಹೇಳಿದ ಅಳತೆಯನ್ನೇ ಕೊಡಬೇಕು. ಅದೇ ರೀತಿ ಮೀನಿನ ಲಿವರ್ ಎಣ್ಣೆಯಲ್ಲಿ ‘ಎ’ ಮತ್ತು ‘ಡಿ’ ಜೀವಸತ್ವಗಳು ತುಂಬ ಸಾಂದ್ರವಾಗಿರುತ್ತವೆ. ಅಂದಾಜಿನಲ್ಲಿ ಸುರಿಯುವಂಥದ್ದಲ್ಲ.

ಅಡಿಕೆ ಕಲಿಸಿದ ಪಾಠ

ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಹೆಣ್ಣು ನಾಯಿ ಐದು ಮರಿ ಹಾಕಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಮರಿಗಳ ಹೊಟ್ಟೆ ಉಬ್ಬಿ ಬೆನ್ನು ಸೊರಗಿತು. ಜಂತುಹುಳುವೆಂದು ತಿಳಿಯಿತು. ಅಡಿಕೆ ಪುಡಿ ಕೊಟ್ಟರೆ ಹುಳು ಬೀಳುತ್ತದೆಂದು ಹಿರಿಯರು ಹೇಳಿದ್ದು ನೆನಪಿತ್ತು. ಮನೆಯದೇ ಅಡಿಕೆ, ರಾಸಾಯನಿಕವಲ್ಲ, ಕೆಡುಕೇನು ಎಂದುಕೊಂಡು ಎಲ್ಲಕ್ಕಿಂತ ಬಡಕಲಾಗಿದ್ದ ಮರಿಗೆ ಬೆಲ್ಲದಲ್ಲಿ ಕಲಸಿ ತಿನ್ನಿಸಿದೆ. ಸ್ವಲ್ಪ ಹೊತ್ತಿಗೇ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು. ವಾಂತಿ, ಭೇದಿ, ನಡುಕ. ಜೀಪು ಹತ್ತಿಸಿ ಪಶು ಆಸ್ಪತ್ರೆ ಮುಟ್ಟುವ ಮೊದಲೇ ಮಡಿಲಲ್ಲಿ ಸತ್ತಿತು.

ಹಿರಿಯರ ಮಾತು ಸುಳ್ಳಾಗಿರಲಿಲ್ಲ ಎಂಬುದು ಅನಂತರ ತಿಳಿಯಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ಲಾಡಿಹುಳುವನ್ನು ಮರಗಟ್ಟಿಸಿ, ಕರುಳನ್ನು ಹಿಂಡಿ ಹೊರದೂಡುತ್ತದೆ. 19ನೇ ಶತಮಾನದ ಯುರೋಪಿನಲ್ಲಿ ಅಡಿಕೆ ಪುಡಿ ನಾಯಿಗಳ ಹುಳುವಿನ ಮದ್ದಾಗಿತ್ತು. ನ್ಯೂಜಿಲೆಂಡಿನಲ್ಲಿ ಕುರಿಗಳಿಂದ ನಾಯಿಗೆ, ನಾಯಿಯಿಂದ ಮನುಷ್ಯರಿಗೆ ಹರಡುತ್ತಿದ್ದ ಹೈಡಾಟಿಡ್ ರೋಗವನ್ನು ತೊಲಗಿಸಲು 1959ರಲ್ಲಿ ಕಾನೂನು ಮಾಡಿದಾಗ, ಊರೂರಿನ ನಾಯಿಗಳನ್ನು ಒಂದೆಡೆ ಕಟ್ಟಿ ಕೊಡುತ್ತಿದ್ದುದು ಅರೆಕೋಲಿನ್ನನ್ನೇ. ಆದರೆ ಅದನ್ನು ಶುದ್ಧೀಕರಿಸಿ, ನಾಯಿಯ ತೂಕಕ್ಕೆ ತಕ್ಕಂತೆ ಅಳೆದು, ತರಬೇತಿ ಪಡೆದವರು ಕೊಡುತ್ತಿದ್ದರು. ಹಾಗಿದ್ದೂ ನಾಯಿಗಳು ಬಹಳ ಬಳಲುತ್ತಿದ್ದವು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಹೆಚ್ಚು ಸುರಕ್ಷಿತ ಔಷಧ ಬಂದ ಮೇಲೆ ಅರೆಕೋಲಿನ್ ಹಿಂದೆ ಸರಿಯಿತು.

ಒಂದು ಅಡಿಕೆಗೂ ಇನ್ನೊಂದಕ್ಕೂ, ಹಸಿಯದಕ್ಕೂ ಒಣಗಿದ್ದಕ್ಕೂ ಅದರ ಅಂಶದಲ್ಲಿ ವ್ಯತ್ಯಾಸವಿದೆ. ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರ ಕಡಿಮೆ. ಸಾಲದ್ದಕ್ಕೆ ಮರಿಗಳಲ್ಲಿ ಹೆಚ್ಚಾಗಿರುವ ದುಂಡುಹುಳು, ಕೊಕ್ಕೆಹುಳುಗಳಿಗೆ ಅದು ತಕ್ಕ ಮದ್ದೂ ಅಲ್ಲ. ಪಶುವೈದ್ಯರು ಕೊಟ್ಟ ಹುಳುವಿನ ಸಿರಪ್ಪಿನಿಂದ ಉಳಿದ ನಾಲ್ಕು ಮರಿಗಳು ಚೇತರಿಸಿಕೊಂಡವು. ಅವುಗಳಲ್ಲೊಂದು ಈಗ ನಮ್ಮ ಕಣ ಕಾಯುತ್ತಿದೆ. ಅಕಸ್ಮಾತ್ ನಾಯಿ ಅಡಿಕೆ ತಿಂದು ಜೊಲ್ಲು ಸುರಿಸಿದರೆ ಮನೆಮದ್ದಿಗೆ ಸಮಯ ಕಳೆಯಬೇಡಿ. ಪಶುವೈದ್ಯರ ಬಳಿ ಅಟ್ರೋಪಿನ್ ಚುಚ್ಚುಮದ್ದು ಇರುತ್ತದೆ.

ಬಟ್ಟಲಿಗೆ ಬೀಳಬಾರದವು

ಈರುಳ್ಳಿ ಮತ್ತು ಬೆಳ್ಳುಳ್ಳಿ, ಬೇಯಿಸಿದ್ದಾದರೂ ಬೇಡ. ಅವು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಈರುಳ್ಳಿ ಹಾಕಿದ ಹುಳಿ, ಸಾರು ಕಲಸುವುದನ್ನು ಬಿಡಿ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ. ಬೇಯಿಸಿದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಕಾಫಿಯೂ ಆಗದು. ಹುರಿದ ರೊಬಸ್ಟಾ ಪುಡಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಕೆಫೀನ್ ಇದೆ. ಹತ್ತು ಕಿಲೋ ನಾಯಿ ಹತ್ತು ಗ್ರಾಂ ಪುಡಿ ನೆಕ್ಕಿದರೂ ಚಡಪಡಿಕೆ, ಎದೆಬಡಿತ ಶುರುವಾಗಬಹುದು. ಚರಟವನ್ನು ಗಿಡದ ಬುಡಕ್ಕೆ ಹಾಕಿದಾಗ ಮೇಲೆ ಮಣ್ಣು ಮುಚ್ಚಿ.

ಪೂರಕ ಆಹಾರ ಔಷಧವಲ್ಲ

ಕೊನೆಯದಾಗಿ ಒಂದು ಮಾತು. ಹೊಟ್ಟೆಯಲ್ಲಿ ಕೊಕ್ಕೆಹುಳು, ಮೈಮೇಲೆ ಉಣ್ಣಿ ಇರುವವರೆಗೆ ಎಷ್ಟು ಮೀನು ಮೊಟ್ಟೆ ಹಾಕಿದರೂ ಅದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಮರಿಗಳಿಗೆ ಎರಡು ವಾರದಿಂದಲೇ ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಟ್ಟು ಒಸಡು ಬಿಳಿಚಿಕೊಂಡರೆ ಅದಕ್ಕೆ ಬೇಕಾದದ್ದು ಚಿಕಿತ್ಸೆ, ಟಾನಿಕ್ ಅಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಿ.

ಇಷ್ಟು ಮಾಡಿದ ಮೇಲೆ ಚಿಪ್ಪಿನ ಪುಡಿಗೆ ಒಂದು ಡಬ್ಬಿ, ಅದರೊಳಗೆ ಒಂದು ಟೀ ಚಮಚ ಇಡಿ. ಚಮಚವಿಲ್ಲದೆ ಕೈಯಳತೆಯಲ್ಲಿ ಹಾಕಬೇಡಿ. ಎರಡು ಮೂರು ತಿಂಗಳು ಬಿಡದೆ ಕೊಟ್ಟು ನೋಡಿ. ಕೂದಲಿನ ಹೊಳಪು, ಬೆನ್ನಿನ ಮೇಲಿನ ಮಾಂಸ, ರಾತ್ರಿಯ ಬೊಗಳಿನ ಗಡಸು ಇವೇ ನಿಮಗೆ ಫಲಿತಾಂಶ ತಿಳಿಸುತ್ತವೆ.